ಜಬರು

ಬೋರ್ಡಿನ ಮೇಲ್ತುದಿಯ ವರ್ಗಮೂಲ ಒರೆಸಲು
ಕುರ್ಚಿ ಹತ್ತಿದ್ದೆ. ಕುರ್ಚಿಗೆ ಮೂರೂವರೆ ಕಾಲು.
ನಾನು ಬಿದ್ದ ಸದ್ದಿಗೂ ಮೊದಲು ಕೇಳಿದ್ದು
ಎಡ ಮಣಿಕಟ್ಟಿನೊಳಗೆ
ಒಣ ತೊಗರಿಕಟ್ಟಿಗೆ ಲಟಕ್ಕೆಂದದ್ದು.
ಒಂಬತ್ತನೇ ಬಿ ನಗಲಿಲ್ಲ.
ಅಷ್ಟು ಹೆದರಿಸಿಟ್ಟಿದ್ದೆ.

ದೊಡ್ಡಾಸ್ಪತ್ರೆಯಲ್ಲಿ ಎಕ್ಸರೇ ತೆಗೆದರು.
ಆ ಕಿರಣ ಏನೆಂದು ಕಂಡವನಿಗೇ ಗೊತ್ತಿರಲಿಲ್ಲ,
ಅದಕ್ಕೇ ಎಕ್ಸ್ ಅಂದ ಎಂದು ಮಕ್ಕಳಿಗೆ ಹೇಳುತ್ತಿದ್ದವಳು ನಾನೇ.
ಈಗ ಕಪ್ಪು ಹಾಳೆಯ ಮೇಲೆ ನನ್ನದೇ ಕೈ,
ಬಿಡಿಸದೆ ಬಿಟ್ಟ ಲೆಕ್ಕ.
ಎಲುಬಿನ ಡಾಕ್ಟರು ರಜೆ, ಸೋಮವಾರ ಬನ್ನಿ.
"ಸೋಮಾರ ತನಕ ಎಲುಬು ಕೇಳ್ತದೇನ್ರೀ?"
ಬಿಸಿಯೂಟದ ಗುಂಡಮ್ಮ ನನ್ನನ್ನು ಆಟೋಕ್ಕೆ ತುರುಕಿದಳು.
"ನಡೀರಿ, ಚೌಬಾರದ ಹಿಂದ, ದಸ್ತಗೀರ ಪೈಲ್ವಾನ."

ಬೀದರಿನ ಆ ಗಲ್ಲಿಗೆ ಸುತ್ತಿಗೆಯದೇ ಉಸಿರು.
ಕರಿ ಹೂಜಿಯೊಳಗೆ ಬೆಳ್ಳಿ ಎಳೆ ಕೂಡಿಸುವವರ ಟಿಕ್ ಟಿಕ್,
ಅವರ ಪಕ್ಕದ ಕಟ್ಟೆಯ ಮೇಲೆ
ಬಿದಿರು ದಬ್ಬೆ, ತತ್ತಿಯ ಬಿಳಿ, ಹರಿದ ಧೋತರದ ಪಟ್ಟಿ.
ಮುದುಕ ಎಕ್ಸರೇ ಬಿಚ್ಚಲೇ ಇಲ್ಲ.
ಕಣ್ಣು ಮುಚ್ಚಿ ಬೆರಳಲ್ಲೇ ಓದಿದ.

"ಏನ್ ಕಲಸ್ತೀರಿ?"
"ಬೀಜಗಣಿತ."
"ನಮ್ಮ ಉರ್ದು ಸಾಲ್ಯಾಗ
ಅದಕ್ಕ ಜಬ್ರ್-ಓ-ಮುಖಾಬಲಾ ಅಂತಿದ್ರು.
ನಮ್ಮಜ್ಜಾಗ ಕೇಳ್ದೆ, ಜಬ್ರ್ ಅಂದ್ರ ಏನು?
ಹುಚ್ಚಾ, ನಾ ದಿನಾ ಮಾಡೂದು ಏನು ಮತ್ತ, ಅಂದ.
ಮುರದದ್ದು..."
ಮಾತು ಮುಗಿಸದೆ ಎಳೆದ.
ಯವ್ವಾ ಎಂದದ್ದು ಕೋಟೆಗೆ ಕೇಳಿಸಿರಬೇಕು.
"...ಕೂಡಸೂದು," ಎಂದ.

ದಬ್ಬೆ ಹಿಡಿದ ಹುಡುಗ ತಲೆ ಎತ್ತಿರಲಿಲ್ಲ.
ನೆತ್ತಿಯ ಸುಳಿಯಿಂದಲೇ ಗುರುತು ಹಿಡಿದೆ:
ಒಂಬತ್ತನೇ ಬಿ, ಮೂರನೇ ಬೆಂಚು, ಗೋಡೆ ಬದಿ.
ಮೈನಸ್ಸನ್ನು ಆಚೆ ದಾಟಿಸಿ ಪ್ಲಸ್ ಮಾಡುವುದು ಮರೆತಿದ್ದಕ್ಕೆ
ಹೋದ ವಾರ ಸೊನ್ನೆ ಕೊಟ್ಟಿದ್ದೆ.
"ಎರಡೂ ಕಡಿ ಸಮ ಇರಬೇಕ್ರೀ ಟೀಚರ್,"
ಪಟ್ಟಿ ಸುತ್ತುತ್ತ ಅಂದ, ನನಗಲ್ಲ, ಕೈಗೆ.
"ಒಂದ್ಕಡಿ ಬಿಗಿ ಆಯ್ತಂದ್ರ ಸೊಟ್ಟ ಕೂಡ್ತದ."

ಆ ರಾತ್ರಿ ನಿದ್ದೆ ಇಲ್ಲ. ಕೈ ಮಿಡಿಯುತ್ತಿತ್ತು,
ಒಂದು ಶಬ್ದವೂ.
ಬಗ್ದಾದಿನಲ್ಲಿ ಯಾರೋ
ಸಮೀಕರಣದಲ್ಲಿ ಕಡಿಮೆ ಬಿದ್ದದ್ದನ್ನು ತುಂಬಿಕೊಡುವುದಕ್ಕೆ
ಎಲುಬು ಕಟ್ಟುವವರ ಮಾತನ್ನು ಎರವಲು ತಂದ.
ಅದು ಸಮುದ್ರ ದಾಟಿ ಸ್ಪೇನಿಗೆ ಹೋಯಿತು,
ಅಲ್ಲಿ ಕ್ಷೌರದಂಗಡಿಗಳಲ್ಲಿ ಕಾಲು ಕೈ ಕೂಡಿಸುತ್ತ ಹೊಟ್ಟೆ ಹೊರೆಯಿತು,
ಇಂಗ್ಲಿಷಿಗೆ ಬಂದು ಆಲ್ಜಿಬ್ರಾ ಆಗಿ
ಎಲುಬು ಮರೆತು ಅಕ್ಷರ ಹಿಡಿಯಿತು.
ನಮ್ಮ ಕಡೆಗೆ ಬಂದದ್ದು ಬೇರೆ ದಾರಿ,
ಸುಲ್ತಾನರ ದಫ್ತರು, ವಸೂಲಿ, ಕುದುರೆಯ ಧೂಳು.
ಕೂಡಿಸುವ ಅರ್ಥ ಎಲ್ಲೋ ಜೀನಿನಿಂದ ಜಾರಿ ಬಿತ್ತು,
ಉಳಿದದ್ದು ಬಲ ಒಂದೇ.
ಜಬರದಸ್ತಿ. ಜಬರು. ಜಬರಿಸು.

ಹದಿನಾರು ವರ್ಷ ಆಲ್ಜಿಬ್ರಾ ಕಲಿಸಿದ್ದೇನೆ ಅಂದುಕೊಂಡಿದ್ದೆ.
ಕನ್ನಡದಲ್ಲೇ ಕಲಿಸಿದ್ದೆ.

ಆ ಸೊನ್ನೆಯೂ ಕಡಿಮೆ ತಿರುಗಿದ್ದಲ್ಲ.
ನಮ್ಮ ಶೂನ್ಯ ಅರಬ್ಬರಲ್ಲಿ ಸಿಫರ್ ಎಂದು ಹೆಸರು ಬದಲಿಸಿ
ಊರೂರು ಸುತ್ತಿ ಝೀರೋ ಆಗಿ
ನನ್ನ ಕೆಂಪು ಪೆನ್ನಿಗೆ ವಾಪಸು ಬಂದಿತ್ತು.
ಅಷ್ಟು ದೂರದಿಂದ ಬಂದದ್ದನ್ನು
ನಾನು ಹೋಗಿ ಹೋಗಿ
ಒಂದು ಹುಡುಗನ ಹೆಸರಿನ ಮುಂದೆ ಕೂರಿಸಿದೆ.

ಹೆಸರು ಅಬ್ದುಲ್ ಜಬ್ಬಾರ.
ಎರಡು ವರ್ಷ ದಿನಾ ಕೂಗಿದ್ದೇನೆ,
ಹಾಜರಿ ಪುಸ್ತಕದಲ್ಲಿ ಇಪ್ಪತ್ತೇಳನೆಯದು,
ಒಮ್ಮೆಯೂ ಕೇಳಿಸಿಕೊಳ್ಳದೆ.
ದೇವರ ತೊಂಬತ್ತೊಂಬತ್ತು ಹೆಸರಲ್ಲಿ ಅದೊಂದಂತೆ:
ಮಣಿಸುವವನು ಎನ್ನುತ್ತಾರೆ ಕೆಲವರು,
ಮುರಿದದ್ದನ್ನು ಕೂಡಿಸುವವನು ಎಂದೂ ಉಂಟು.
ದಸ್ತಗೀರ ಅಜ್ಜನನ್ನು ಕೇಳಿದರೆ ನಕ್ಕ.
"ಎಳೀದೆ ಕೂಡೂದ್ ಹ್ಯಾಂಗ್ರೀ?"

ಆರು ವಾರಕ್ಕೆ ಪಟ್ಟಿ ಬಿಚ್ಚಿದರು.
ಕೈ ಕೊಂಚ ಸೊಟ್ಟ, ಮೋಡ ಬಂದರೆ ಹೇಳುತ್ತದೆ.
ಮೊನ್ನೆ ಕಿರುಪರೀಕ್ಷೆ. ಅವನು ಮತ್ತೆ
ಮೈನಸ್ಸನ್ನು ಹಾಗೇ ಆಚೆ ಒಯ್ದಿದ್ದ.
ಬಾಯಿ ತೆರೆದೆ. ಇಡೀ ತರಗತಿ ಕಣ್ಣು ಮುಚ್ಚಿತು.
ಪಕ್ಕದಲ್ಲಿ ಕೂತೆ. ಲೆಕ್ಕವನ್ನು ಎರಡೂ ಕಡೆಯಿಂದ ಎಳೆದೆವು.
ಹತ್ತಕ್ಕೆ ನಾಲ್ಕು ಹಾಕಿ
ಹಾಳೆಗಳ ಕಟ್ಟನ್ನು ಎಡಗೈಲಿ ಎತ್ತಿಕೊಂಡೆ.
ಅವನು ಅಂಕ ನೋಡಲಿಲ್ಲ, ಮಣಿಕಟ್ಟು ನೋಡಿದ.
"ಇನ್ನಾ ವಜ್ಜಿ ಎತ್ತಬ್ಯಾಡ್ರಿ, ಟೀಚರ್."