ಸುಮಾರು ತಾಳ

ಹುಬ್ಬಳ್ಳಿಯ ಹಳೇ ಬಸ್‌ಸ್ಟ್ಯಾಂಡಿನಿಂದ ಧಾರವಾಡದ ಜುಬಿಲಿ ಸರ್ಕಲ್ಲಿಗೆ
ಚಿಗರಿ ಬಸ್ಸಿನಲ್ಲಿ ಮುಕ್ಕಾಲು ತಾಸು,
ಉಣಕಲ್ಲಿನಲ್ಲಿ ಸಿಗ್ನಲ್ ಬಿದ್ದರೆ ಇನ್ನೈದು ನಿಮಿಷ.
ನಾನು ಲೆಕ್ಕ ಹಾಕುವ ನಕ್ಷತ್ರದ ಅಗಲ ಇಷ್ಟೇ.
ಈ ಊರು ಒಂದು ದಂಡೆ, ಆ ಊರು ಒಂದು ದಂಡೆ,
ನಡುವೆ ತುರುಕಿದ್ದು ಸೂರ್ಯನಿಗಿಂತ ಹೆಚ್ಚು ಭಾರ.

ಸತ್ತ ನಕ್ಷತ್ರ. ಸತ್ತರೂ ಉಣ್ಣುತ್ತದೆ.
ಜೊತೆಗಾರನ ಮೈಯಿಂದ ಎಳೆದ ಅನಿಲ
ನೆಟ್ಟಗೆ ಬೀಳುವುದಿಲ್ಲ, ಸುತ್ತುತ್ತದೆ,
ಸುತ್ತುತ್ತ ಕಾಯುತ್ತದೆ
(ಕನ್ನಡದ ಎರಡೂ ಅರ್ಥದಲ್ಲಿ),
ಕಟ್ಟಕಡೆಯ ಅಂಚಿನಲ್ಲಿ
ಸೆಕೆಂಡಿಗೆ ಸಾವಿರ ಸುತ್ತು.
ನವನಗರ ಬಿಟ್ಟು ಮುಂದಿನ ಸ್ಟಾಪು ಬರುವಷ್ಟರಲ್ಲಿ
ಲಕ್ಷ.

ಶನಿವಾರ ಸಪ್ತಾಪುರದ ಗಿರಣಿ.
ದಾವಲಸಾಬ ಕಾಕಾ ನನ್ನ ಐದು ಕಿಲೋ ಬಿಳಿ ಜೋಳ ಮೇಲಿಂದ ಸುರುವಿದರು.
ನಡುವೆ ಕುಣಿ ಬಿತ್ತು, ಕಾಳು ಅಂಚಿನಿಂದ ಜಾರಿ ಜಾರಿ
ಕಣ್ಮರೆ.
ಬಾಗಿಲ ಕಡೆ ಮುಖ ಮಾಡಿ ಬಸಿಯಲ್ಲಿ ಚಹಾ ಹೀರುತ್ತಿದ್ದವರು
‘ಇನ್ನ ಒಂದ ಸೇರ ಉಳದೈತಿ’ ಅಂದರು.
ಹೆಂಗ ಗೊತ್ತಾತು ಕಾಕಾ?
‘ಸಪ್ಪಳ ಬ್ಯಾರೆ ಆತಲ್ಲ. ಕಾಳು ಕಡಿಮಿ ಆದಂಗ
ಕಲ್ಲು ಜೋರ ಒದರತೈತಿ.’

ನನ್ನದು ಉಲ್ಟಾ.
ಅಲ್ಲಿ ಹೆಚ್ಚು ಬಿದ್ದಂತೆ ಸುತ್ತು ಒಳಸರಿದು ಸ್ವರ ಏರುತ್ತದೆ.
ಅದೂ ದಿನಾ ಅಲ್ಲ. ನಿನ್ನೆಯಷ್ಟೇ ಬೆಳಕು,
ಇವತ್ತು ಬೇರೆ ಸ್ವರ. ಯಾಕೆ,
ನನ್ನ ಗೈಡಿಗೂ ಗೊತ್ತಿಲ್ಲ.

ಸ್ವರ ಅಂದೆ, ರೂಢಿಗೆ.
ಉಪಗ್ರಹದ ಡಬ್ಬಿಗೆ ಒಂದೊಂದಾಗಿ ಬಂದು ಬಿದ್ದ
ಕ್ಷ-ಕಿರಣದ ಕಾಳು ಅವು,
ಬಿದ್ದ ಹೊತ್ತು ಬರೆದ ಚೀಟಿ ಪ್ರತಿಯೊಂದಕ್ಕೂ.
ಅಂಥ ಲಕ್ಷಾಂತರ ಚೀಟಿ ಕೂಡಿಸಿದರೆ
ಗ್ರಾಫಿನಲ್ಲಿ ಒಂದು ಗುಡ್ಡ ಏಳುತ್ತದೆ,
ಸೂಜಿಯಂತೆ ಚೂಪಲ್ಲ, ನೃಪತುಂಗ ಬೆಟ್ಟದಂತೆ ದಪ್ಪ.
ತಾಳ ಇದೆ. ಸುಮಾರು ಇದೆ.
ಆ ‘ಸುಮಾರು’ ಎಂಬುದಕ್ಕೇ ನನ್ನ ನಾಲ್ಕು ವರ್ಷ.

ಅಲ್ಲಿ ಉರುವಲಿಲ್ಲ, ಒಲೆಯಿಲ್ಲ,
ಬೀಳುವುದೇ ಬೆಂಕಿ.
ಇದನ್ನು ಕಾಕಾನಿಗೆ ಹೇಳೋಣ ಅಂದುಕೊಂಡೆ,
ಅಷ್ಟರಲ್ಲಿ ಕರೆಂಟು ಹೋಗಿ
ಪಟ್ಟಾ ಎರಡು ಸುತ್ತು ತಾನಾಗಿ ತಿರುಗಿ ನಿಂತಿತು.
ಕಿವಿಯಲ್ಲಿ ಮಾತ್ರ ಇನ್ನೂ ತಿರುಗುತ್ತಿತ್ತು.

ಬಗಲಿಗೆ ಹಿಡಿದ ಡಬ್ಬಿ ಸುಡುತ್ತಿತ್ತು.
ಹಿಂದಿನಿಂದ ಕೂಗಿದರು:
‘ಮುಚ್ಚಳ ಬಿಗಿ ಹಾಕಬ್ಯಾಡ ತಂಗಿ,
ಹಿಟ್ಟು ಬೆವರತೈತಿ.’