ಸೊಲ್ಲಾಪುರ ಪ್ಯಾಸೆಂಜರ್

ಸುಳ್ಳು ಹೇಳಿದವರೊಳಗ ನಾನೂ ಒಬ್ಬಾಕಿ.
ಜಗದೇವಿನ್ನ ಮಣ್ಣು ಮಾಡಿ ಮೂರು ದಿನ ಆಗಿತ್ತು,
ಅಕಿ ಸೌಟು ನನ್ನ ಕೈಗೆ ಬಂದಿತ್ತು.
ಮಣ್ಣಿನ ದಿನ ಹುಡುಗ ಅಂಜತಾನಂತ
ಚಿತ್ತಾಪುರಕ್ಕ ಅತ್ತಿ ಮನಿಗೆ ಕಳಿಸಿದ್ರು.
ಹೊಳ್ಳಿ ಬಂದ ಅಂಬ್ರೇಶ ಸಾಲಿ ಅಡಿಗಿ ಖೋಲಿ ಬಾಗಿಲಾಗ ನಿಂತ.
"ನಿಮ್ಮವ್ವ ಸೊಲ್ಲಾಪುರ ದವಾಖಾನ್ಯಾಗ ಅದಾಳ, ಬರ್ತಾಳ" ಅಂದೆ.
ಸೊಲ್ಲಾಪುರಕ್ಕ ಒಯ್ದಿದ್ದು ಖರೆ.

ಅವತ್ತಿಂದ ಸಾಲಿ ಬಿಟ್ಟಕೂಡ್ಲೆ
ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರಂ,
ಸಿಮೆಂಟಿನ ಧೂಳು ಕುಂತ ಒಂದು ಬೆಂಚು.
ಸೊಲ್ಲಾಪುರ ಕಡಿಂದ ಬಂದ ಗಾಡಿಯ
ಒಂದೊಂದು ಬಾಗಿಲಕ್ಕೂ ಹಣಿಕಿ ಹಾಕತಿದ್ದ.
ಚಹಾ ಮಾರೋ ಗಫೂರ ಮಾಮು ಬಂದು ಹೇಳಿದ:
"ಹದಿನೇಳು ದಿನ ಆತು ಅಕ್ಕ.
ಇವತ್ತ ಹಸಿರು ಸೀರಿಯಾಕಿ ಒಬ್ಬಾಕಿ ಇಳದ್ಳು,
ಅಕಿ ಹಿಂದ ಗೇಟಿನ ತನಕ ಓಡಿದ.
ಅವ ಹೊಳ್ಳಿ ಬರೋದು ನನಗ ನೋಡ್ಲಿಕ್ಕಾಗಲಿಲ್ಲ."

ಗುರುವಾರಕ್ಕೊಮ್ಮೆ ಕಲಬುರಗಿಯಿಂದ ಶಾಹಿನ್ ಮೇಡಂ ಬರ್ತಾರ.
ಮನಸಿನ ಡಾಕ್ಟರು ಅಂತೀವಿ ನಾವು,
"ಡಾಕ್ಟರಲ್ಲ" ಅಂತಾರ ಪ್ರತಿ ಸಲ.
ಸೂಜಿ ಇಲ್ಲ, ಗುಳಿಗಿ ಇಲ್ಲ,
ಚೀಲದಾಗ ಮೇಣದ ಬಣ್ಣ, ಬಿಳಿ ಹಾಳಿ.
ಅಪ್ಪ, ಅಜ್ಜಿ, ಹೆಡ್‌ಮಾಸ್ತರು, ನಾನು, ಗಫೂರ,
ಎಲ್ಲರನ್ನೂ ಕೂಡಿಸಿದ್ರು.
"ಸತ್ತಾಳ ಅನ್ನೋ ಮಾತು ಯಾರರೆ ಹೇಳಬೇಕು.
ದೇವರ ಪಾದ ಸೇರ್ಯಾಳ, ಮಲಗ್ಯಾಳ, ಇವು ಬ್ಯಾಡ.
ಮಲಗಿದಾಕಿ ಏಳತಾಳಲ್ಲ?"
ಅಪ್ಪ ನೆಲದ ಫರಸಿ ನೋಡಕೋತ ಕುಂತ.

ಕಡೀಕ ಅವನೇ ಹೇಳಿದ.
ನಾವು ಹೊರಗ, ಬೇವಿನ ಗಿಡದ ಬುಡಕ ಇದ್ವಿ.
ಒಳಗಿಂದ ಅಳು ಬರಲಿಲ್ಲ. ಒಂದು ಪ್ರಶ್ನಿ ಬಂತು:
"ಅವತ್ತ ನಾ ಬ್ಯಾಳಿಗೆ ಉಪ್ಪು ಕಮ್ಮಿ ಅಂದಿದ್ನೆಲ್ಲ,
ಅದಕ್ಕೇ ಏನು?"

ಎಂಟು ವರ್ಷದ ಕೂಸು.
ಇಷ್ಟು ದಿನ ಆ ಉಪ್ಪು ಹೊತಗೊಂಡು ತಿರಗ್ಯಾನ.

ಅಲ್ಲ ಅಂತ ಒಂದು ಸಲ ಹೇಳಿದ್ರ ಸಾಲಲಿಲ್ಲ.
ತಲಿಯೊಳಗ ನರ ಒಡದಿತ್ತಪ್ಪ, ನಿನ್ನ ಮಾತಿಗಲ್ಲ,
ಅಪ್ಪ ಹೇಳಿದ, ರಾತ್ರಿ ಅಜ್ಜಿ ಹೇಳಿದಳು,
ಮರುದಿನ ಮತ್ತ ಕೇಳಿದ, ಮತ್ತ ಹೇಳಿದ್ವಿ.
ಮಣ್ಣು ಮಾಡಿದ ಜಾಗಕ್ಕ ಕರಕೊಂಡು ಹೋದ್ವಿ.
ಅಲ್ಲಿ ಅತ್ತ. ಅಳಬ್ಯಾಡ ಅಂತ
ಅವತ್ತ ಯಾರೂ ಅನ್ನಲಿಲ್ಲ.
ಖಣಿಯಾಗ ಅಪ್ಪನ್ನ ಕಳಕೊಂಡ ಐದನೇತ್ತಿ ಹುಸೇನಿ
ದಿನಾ ಅವನ ಬಾಜೂಕ ತಾಟು ಇಟಗೊಂಡು ಕುಂದ್ರತಿದ್ದ,
ಮಾತಿಲ್ಲ ಕತಿಯಿಲ್ಲ.

ಹೊಸ ತೊಗರಿ ಬ್ಯಾಳಿ ಬಂದ ವ್ಯಾಳ್ಯಾ.
ಎರಡು ತುತ್ತಿಗೆ ಏಳತಿದ್ದಾಂವ
ಅವತ್ತ ತಲಿ ಎತ್ತಿ, ಎಲ್ಲರ ಮುಂದ, ಜೋರಾಗಿ ಅಂದ:
"ಚಂದಮ್ಮಾಯಿ, ಉಪ್ಪು ಕಮ್ಮಿ ಆಗ್ಯದ."

ನನ್ನ ಕೈ ನಿಂತೇ ಹೋತು.
ಡಬ್ಬಿ ತಂದು ಮುಂದಿಟ್ಟು, ನೀನೇ ಹಾಕು ಅಂದೆ.
ಅವನೋ, ಬಕೇಟಿಗೇ ಮುಷ್ಟಿಗಟ್ಟಲೆ ಸುರದ.
ನೂರಾ ನಲವತ್ತು ಹುಡುಗ್ರು
ಸಂಜೀತನಕ ನೀರು ಕುಡದ್ರು.

ಈಗೂ ಒಮ್ಮೊಮ್ಮೆ ಸ್ಟೇಷನ್ನಿಗೆ ಹೋಗತಾನ.
ಗಫೂರ ತಡಿಯೋದಿಲ್ಲ, ಅರ್ಧ ಕಪ್ಪು ಚಹಾ ಕೊಡತಾನ.
ಸೊಲ್ಲಾಪುರ ಗಾಡಿ ಬಂದ್ರ
ಎದ್ದು ನಿಲ್ಲೋದಿಲ್ಲಂತ.
ನೋಡತಾನ, ಅಷ್ಟ.