ಹದಿನೈದನೇ ತಿಂಗಳು

ಹಲ್ ಊರಿನಲ್ಲಿ ಈಗ ನಾಲ್ಕಕ್ಕೇ ಕತ್ತಲೆ.
ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿ ಪಟ್ಟಿ ತೆರೆಯುತ್ತೇನೆ:
ಅರ್ಥಶಾಸ್ತ್ರ, ಪದವಿ ಮುಗಿದು ಹದಿನೈದು ತಿಂಗಳು.
‘ವಿಶ್ವವಿದ್ಯಾಲಯದ ಪರವಾಗಿ ಮಾತಾಡ್ತಿದ್ದೇನೆ,
ಈಗ ಏನು ಮಾಡಿಕೊಂಡಿದ್ದೀರಿ?’
ಮದುವೆ ಮನೆಯಲ್ಲಿ ದೂರದ ನೆಂಟರು
ಪುಕ್ಕಟೆ ಕೇಳುವ ಪ್ರಶ್ನೆ.
ನನಗೆ ಗಂಟೆಗೆ ಹನ್ನೆರಡೂವರೆ ಪೌಂಡು.

ಅಬೆನಾ ಲಂಡನ್ನಿನ ಯಾವುದೋ ಲಿಫ್ಟಿನಲ್ಲಿದ್ದಾಳೆ.
ಬ್ಯಾಂಕು, ಬಾಂಡು ವಿಭಾಗ; ಸಂಬಳದ ಅಂಕಿ ಹೇಳುವಷ್ಟರಲ್ಲಿ
ಬಾಗಿಲು ಮುಚ್ಚಿ ದನಿ ತುಂಡಾಯಿತು.
ಕ್ಯಾಲಮ್ ಥ್ವೇಟ್ ಗಾಳಿಯಂತ್ರದ ರೆಕ್ಕೆ ಕಾರ್ಖಾನೆಯಲ್ಲಿ
ಬೋಲ್ಟು ಎಣಿಸುತ್ತಾನೆ.
‘ದಾಸ್ತಾನು ವಿಶ್ಲೇಷಕ ಅಂತ ಬರ್ಕೊಳ್ಳಿ,
ಅಮ್ಮನಿಗೂ ಹಾಗೇ ಹೇಳಿದ್ದೇನೆ.’
ಬರೆದುಕೊಂಡೆ.

ರೋವನ್, ಬೆವರ್ಲಿಯ ಬೇಕರಿ, ನಸುಕಿನ ಮೂರಕ್ಕೆ ಹಿಟ್ಟು ನಾದುವವನು.
ಕಲಿತದ್ದು ಕೆಲಸಕ್ಕೆ ಬರುತ್ತಿದೆಯೇ?
ಪೂರ್ತಿ ಒಪ್ಪುತ್ತೀರಾ, ಕೊಂಚ ಒಪ್ಪುತ್ತೀರಾ,
ಅತ್ತಲೂ ಇಲ್ಲ ಇತ್ತಲೂ ಇಲ್ಲವೋ?
ಬಹಳ ಹೊತ್ತು ನಕ್ಕ. ಆಮೇಲೆ ಗಂಭೀರವಾಗಿ,
‘ಸಂಜೆ ಉಳಿದ ಬನ್ನು ಅರ್ಧ ಬೆಲೆಗೆ ಬಿಟ್ಟರೆ
ಬೆಳಿಗ್ಗೆ ಒಬ್ಬನೂ ಬರೋದಿಲ್ಲ.
ಪ್ರೊಫೆಸರಿಗೆ ಹೇಳಿ.’
ಅಷ್ಟುದ್ದದ ಮಾತಿಗೆ ಕೋಷ್ಟಕದಲ್ಲಿ ಜಾಗವಿಲ್ಲ.

ಒಂದು ನಂಬರನ್ನು ತಂದೆ ಎತ್ತಿದರು.
ಮಗ ಮಲಗಿದ್ದಾನೆ. ಹಗಲೆಲ್ಲ ಮಲಗುತ್ತಾನೆ.
ರಾತ್ರಿಪಾಳಿಯೇ ಎಂದು ಕೇಳಬೇಕಿತ್ತು, ನಿಯಮದಂತೆ.
ಕೇಳಲಿಲ್ಲ.
‘ಹುಷಾರಾಗಿದ್ದಾನೆ ಅಂತ ಹಾಕಿಬಿಡಿ’ ಎಂದರು.
ಅದರ ಸಂಕೇತ ಸಂಖ್ಯೆ ಎಷ್ಟೆಂದು ಹುಡುಕಿ ಹುಡುಕಿ
‘ಉತ್ತರ ದೊರೆಯಲಿಲ್ಲ’ ಒತ್ತಿದೆ.

ಮೊದಲ ವರ್ಷದ ಪುಸ್ತಕದಲ್ಲಿ ಪುಟಪುಟಕ್ಕೂ ಒಂದೇ ಷರತ್ತು:
ಇತರ ಅಂಶಗಳು ಸ್ಥಿರವಾಗಿದ್ದಾಗ.
ಆ ಇತರ ಅಂಶಗಳೇ ಈಗ ಸಾಲಾಗಿ ಫೋನೆತ್ತುತ್ತಿವೆ,
ಬಾಡಿಗೆ, ಬೆನ್ನುನೋವು, ಅಪ್ಪನ ಮರೆವು,
ಬಸ್ಸು ನಿಂತುಹೋದ ಹಳ್ಳಿ.

ಏಳೂವರೆಗೆ ಪಟ್ಟಿಯಲ್ಲಿ ನನ್ನದೇ ಹೆಸರು.
ತನಗೆ ತಾನು ಕರೆ ಮಾಡುವಂತಿಲ್ಲ.
ಪಕ್ಕದ ಮೇಜಿನ ಡಿಲಿಸ್‌ಗೆ ದಾಟಿಸಿದೆ.
ಅವಳು ನಗಲಿಲ್ಲ, ಡಯಲ್ ಮಾಡಿದಳು.
ಗೂಟಕ್ಕೆ ತೂಗುಹಾಕಿದ ನನ್ನ ಕೋಟಿನೊಳಗೆ
ಏನೋ ನಡುಗಿತು.
ಎರಡಡಿ ದೂರದಿಂದ, ಮಧ್ಯಾಹ್ನ ನನ್ನ ಚಿಪ್ಸು ತಿಂದ ಬಾಯಿಂದ,
ಗುರುತೇ ಇಲ್ಲದ ದನಿ:
‘ಈಗಿನ ಕೆಲಸ ನಿಮ್ಮ ಮುಂದಿನ ಯೋಜನೆಗೆ
ಹೊಂದುತ್ತದೆಯೇ?’

ಕಿಟಕಿಯಾಚೆ ಹಂಬರ್ ನದಿಯ ನೀರು ಇಳಿದು
ಕೆಸರು ದೀಪದಲ್ಲಿ ಹೊಳೆಯುತ್ತಿತ್ತು.
‘ಆಮೇಲೆ ಮಾಡ್ತೀರಾ?’ ಎಂದೆ,
‘ಈಗ ಕೆಲಸದಲ್ಲಿದ್ದೇನೆ.’